ದನದ ಆಸ್ಪತ್ರೆಯ 48 ಚಪ್ಪಡಿ, 8 ಕಂಬ ಎಲ್ಲಿ ಹೋದವು?

ಸಂಪಾದಕರಿಗೆ ನಮಸ್ಕಾರ.

ಪತ್ರ ಸ್ವಲ್ಪ ಉದ್ದ ಆಗುತ್ತೆ. ಜಾಗ ಇಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಕಲ್ಲಿನ ಲೆಕ್ಕ ಇರುವ ಭಾಗ ಮಾತ್ರ ಬಿಡಬೇಡಿ.

ನಾನು ಕೋಲಾರ ಜಿಲ್ಲೆಯವನು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು 2023ರಲ್ಲಿ ನಿವೃತ್ತಿ ಆದೆ. ಈ ಸಲ ಸಂಕ್ರಾಂತಿ ಆದ ಮೇಲೆ ನೆಂಟರ ಮನೆಗೆ ಅಂತ ನಾನೇ ಎಷ್ಟೋ ವರ್ಷ ಓಡಾಡಿದ ರೂಟಿನ ಬಸ್ ಹತ್ತಿದ್ದೆ. ನಿದ್ದೆ ಹತ್ತಿತ್ತು. "ದನದಾಸ್ಪತ್ರೆ ಯಾರ್ರೀ ಇಳಿಯೋರು" ಅಂತ ಕಂಡಕ್ಟರ್ ಹುಡುಗ ಕೂಗಿದ. ಎದ್ದು ಇಳಿದೆ. ಬಸ್ ಹೋಯಿತು, ಧೂಳು ಇಳಿಯಿತು, ನೋಡಿದರೆ ಎದುರಿಗೆ ಆಸ್ಪತ್ರೆಯೇ ಇಲ್ಲ. ಮೊದಲು ನಾನೇ ತಪ್ಪು ಸ್ಟಾಪಿನಲ್ಲಿ ಇಳಿದೆ ಅಂದುಕೊಂಡೆ. ಆ ಮೇಲೆ ಹುಣಸೇಮರ ಕಾಣಿಸಿತು. ಮರ ಅದೇ, ಅದರ ಹಿಂದೆ ಮಟ್ಟ ಮಾಡಿದ ಕೆಂಪು ಮಣ್ಣು, ಜೆಸಿಬಿ ಚಕ್ರದ ಗುರುತು, ಒಂದು ಮೂಲೆಯಲ್ಲಿ ಮುರಿದ ಕಿಟಕಿ ಚೌಕಟ್ಟು, ಅಷ್ಟೇ.

ಊರಿನ ಹೆಸರು ಬೇಕಂತಲೇ ಬರೆದಿಲ್ಲ. ಅಲ್ಲಿಯ ಡಾಕ್ಟರು ಒಳ್ಳೆಯವರು, ಅವರಿಗೆ ಸುಮ್ನೆ ತೊಂದರೆ ಆಗಬಾರದು. ಸಂಬಂಧಪಟ್ಟವರು ಓದಿದರೆ ಅವರಿಗೆ ಗೊತ್ತಾಗೇ ಆಗುತ್ತೆ.

ಆ ಕಟ್ಟಡ ಕಟ್ಟಿದ್ದು ನಮ್ಮಪ್ಪ. ಮೇಸ್ತ್ರಿ ಅವರು, ಆಳು ನಾನು. 1979ರ ಬೇಸಿಗೆ, ನನಗೆ 16 ವರ್ಷ, ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೆಯಲ್ಲಿದ್ದೆ. ಸುಮ್ನೆ ಕೂತು ಮುದ್ದೆ ತಿನ್ನೋ ಬದಲು ಬಾಂಡ್ಲಿ ಹೊರು ಬಾ ಅಂತ ಕರೆದುಕೊಂಡು ಹೋದರು. ಆಗ ಕೂಲಿಗಾಗಿ ಕಾಳು ಅಂತ ಒಂದು ಯೋಜನೆ ಇತ್ತು. ಮಣ್ಣು ಹೊರುವವರಿಗೆ ಕೂಲಿಯಲ್ಲಿ ಒಂದು ಪಾಲು ಗೋಧಿ ಕೊಡುತ್ತಿದ್ದರು. ರಾಗಿ ತಿನ್ನುವ ಸೀಮೆಗೆ ಗೋಧಿ! ನಮ್ಮಮ್ಮ ಅದನ್ನು ಬೀಸಿ ರಾಗಿ ಹಿಟ್ಟಿಗೆ ಸೇರಿಸಿ ಮುದ್ದೆ ಕಟ್ಟಿದರು. ಅಂಟಂಟು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗಲೂ ಆ ಕಟ್ಟಡ ನೆನೆಸಿಕೊಂಡರೆ ಮೊದಲು ಬಾಯಿಗೆ ಬರುವುದು ಆ ಮುದ್ದೆಯ ರುಚಿಯೇ.

ಈಗಿನವರಿಗೆ ಒಂದು ವಿಷಯ ಹೇಳಬೇಕು. ಆ ಕಾಲಕ್ಕೆ ಸಿಮೆಂಟ್ ಅಂಗಡಿಗೆ ಹೋಗಿ ತರುವ ಸಾಮಾನಲ್ಲ. ಪರ್ಮಿಟ್ ಬೇಕಿತ್ತು. 1982ರಲ್ಲಿ ಸ್ವಲ್ಪ ಸಡಿಲ ಮಾಡಿದರು, ಪೂರ್ತಿ ಬಿಟ್ಟಿದ್ದು 1989ರಲ್ಲಿ. ಹಾಗಾಗಿ ನಮ್ಮ ಕಡೆ ಕಟ್ಟಡ ಅಂದರೆ ಕಲ್ಲು, ಮಣ್ಣು, ಸುಣ್ಣದ ಗಾರೆ. ಗೋಡೆಗೆ ಸೈಜುಗಲ್ಲು, ಅಂದರೆ ಅಳತೆಗೆ ಒಡೆದ ಕಲ್ಲು, ತಾರಸಿಗೆ ಕಲ್ಲು ಚಪ್ಪಡಿ. ಕೋಲಾರದ ಕಡೆ ಹಳೇ ಮನೆಗಳನ್ನು ನೋಡಿದವರಿಗೆ ಗೊತ್ತು, ಕೋಣೆಗಳು ಉದ್ದ ಇದ್ದರೂ ಅಗಲ ಕಮ್ಮಿ. ಎಂಟೊಂಬತ್ತು ಅಡಿಗಿಂತ ಜಾಸ್ತಿ ಇರಲ್ಲ. ಯಾಕೆ ಅಂದರೆ ಗೋಡೆಯಿಂದ ಗೋಡೆಗೆ ಚಪ್ಪಡಿ ಮುಟ್ಟಬೇಕು, ಅದಕ್ಕಿಂತ ಉದ್ದ ಆದರೆ ನಡುವೆ ಮುರಿಯುತ್ತೆ. ಕೋಣೆ ಎಷ್ಟು ಅಗಲ ಇರಬೇಕು ಅಂತ ಬಂಡೆಯೇ ಹೇಳೋದು, ಎಂಜಿನಿಯರ್ ಅಲ್ಲ ಅಂತ ಅಪ್ಪ ಹೇಳುತ್ತಿದ್ದರು.

ಚಪ್ಪಡಿ ಎಬ್ಬಿಸುವುದನ್ನು ನಾನು ನೋಡಿದ್ದು ಆ ವರ್ಷವೇ. ಬಂಡೆ ಮೇಲೆ ಸೌದೆ ಹರಡಿ ಬೆಂಕಿ ಹಾಕುತ್ತಾರೆ. ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿಕೊಂಡು ಹೋಗುತ್ತಾರೆ. ಕಾದ ಪದರ ಅಡಿಯಿಂದ ಬಿಟ್ಟುಕೊಳ್ಳುತ್ತೆ. ಒಬ್ಬ ಮುದುಕ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ತಟ್ಟುತ್ತಾ ಕಿವಿ ಕೊಟ್ಟು ಕೇಳುತ್ತಿದ್ದ. ಬಿಟ್ಟುಕೊಂಡಿದ್ದರೆ ಡಬ್ ಅನ್ನುವ ಪೊಳ್ಳು ಸದ್ದು, ಬಿಡದಿದ್ದರೆ ಗಟ್ಟಿ ಸದ್ದು. ಸದ್ದು ಎಲ್ಲಿ ಬದಲಾಯಿತೋ ಅಲ್ಲಿಗೆ ಇದ್ದಿಲಿನಲ್ಲಿ ಗೆರೆ. ಆ ಮೇಲೆ ಉಳಿ ಹಿಡಿದು ಗೆರೆ ಉದ್ದಕ್ಕೂ ಸಣ್ಣ ಸಣ್ಣ ಗುಳಿ ತೆಗೆದು, ಬೆಣೆ ಇಟ್ಟು ಹೊಡೆದರೆ ರೊಟ್ಟಿ ಮುರಿದ ಹಾಗೆ ನೆಟ್ಟಗೆ ಸೀಳುತ್ತಿತ್ತು.

ಕೋಣೆಯ ಒಂದೊಂದು ಚಪ್ಪಡಿ 9 ಅಡಿ ಉದ್ದ, ಒಂದೂವರೆ ಅಡಿ ಅಗಲ, 4 ಇಂಚು ದಪ್ಪ. ಕಲ್ಲು ಒಂದು ಘನ ಅಡಿಗೆ 75 ಕೆ.ಜಿ. ಹತ್ತಿರ ಬರುತ್ತೆ, ಲೆಕ್ಕ ಹಾಕಿ, 330 ಕೆ.ಜಿ. ದಾಟುತ್ತೆ. ಕ್ರೇನ್ ಎಲ್ಲಿತ್ತು? ಗೋಡೆಗೆ ಒರಗಿಸಿ ಮಣ್ಣಿನ ದಿಬ್ಬ ಹಾಕಿ, ಹಗ್ಗ, ಬೊಂಬು ಕಟ್ಟಿ, ಎಂಟು ಜನ ಹೆಗಲು ಕೊಟ್ಟು ಏರಿಸಿದರು. ನಾನು ಮೇಲೆ ಗೋಡೆ ಮೇಲೆ ಕೂತಿರಬೇಕು. ಚಪ್ಪಡಿ ಬಂದು ಕೂರುವಾಗ ಅಡಿಗೆ ಕಲ್ಲು ಚಕ್ಕೆ ತುರುಕಿ ಮಟ್ಟಕ್ಕೆ ತರುವುದು ನನ್ನ ಕೆಲಸ. ಹನ್ನೊಂದನೇ ಚಪ್ಪಡಿಗೆ ನನ್ನ ಎಡಗೈ ನಡುಬೆರಳು ಸಿಕ್ಕಿತು. ಉಗುರು ಇವತ್ತಿಗೂ ಎರಡು ಸೀಳಾಗಿ ಬೆಳೆಯುತ್ತೆ. ಕಂಡಕ್ಟರ್ ಆದ ಮೇಲೆ ಆ ಸೀಳು ಉಗುರಿನಲ್ಲೇ ಟಿಕೆಟ್ ಹರಿಯುತ್ತಿದ್ದೆ, ಅನುಕೂಲವೇ ಆಯಿತು ಅನ್ನಿ.

ಹನ್ನೊಂದನೇದು ಅಂತ ಹೇಗೆ ಗೊತ್ತು ಅಂದರೆ ಅಪ್ಪ ಲೆಕ್ಕ ಬರೆಯುತ್ತಿದ್ದರು. ಒಳಗೋಡೆ ಮೇಲೆ ಇದ್ದಿಲಿನಲ್ಲಿ, ಏರಿದ ಒಂದೊಂದು ಚಪ್ಪಡಿಗೂ ಒಂದು ಗೀಟು. ಸುಣ್ಣ ಬಳಿಯುವ ಮೊದಲು ನಾನೇ ಎಣಿಸಿದ್ದೀನಿ. ಮೂರು ಕೋಣೆಗೆ ತಲಾ 8ರಂತೆ 24. ಮುಂದಿನ ಜಗಲಿಗೆ ಆರೂವರೆ ಅಡಿಯ ಗಿಡ್ಡ ಚಪ್ಪಡಿ 24. ಒಟ್ಟು 48. ಜಗಲಿಗೆ 4 ಕಲ್ಲುಕಂಬ, ಅವುಗಳ ಮೇಲೆ ಅಡ್ಡಕ್ಕೆ 5 ಕಲ್ಲು ತೊಲೆ. ಹೊರಗೆ ದನ ನಿಲ್ಲಿಸಿ ಇಂಜೆಕ್ಷನ್ ಕೊಡುವುದಕ್ಕೆ ನೆಟ್ಟಿದ್ದು ಇನ್ನೂ 4 ಕಂಬ. ಚಪ್ಪಡಿಗಳ ತೂಕವೇ 14 ಟನ್ ಹತ್ತಿರ ಬರುತ್ತೆ. ಸೈಜುಗಲ್ಲಿನ ಮಾತು ಬೇರೆ. ಸಂಪಾದಕರೇ, ಕತ್ತರಿಸಬೇಡಿ ಅಂದಿದ್ದು ಈ ಭಾಗವನ್ನೇ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೀನಿ. ಚಪ್ಪಡಿ ಸಂದಿಗೆ ತುಂಬುವ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು. ಸುಣ್ಣ ಗಟ್ಟಿ ಹಿಡಿಯುತ್ತೆ ಅಂತ. ಬೆಲ್ಲದ ಅಚ್ಚು ನನ್ನ ಸುಪರ್ದಿಯಲ್ಲಿತ್ತು. ಮಧ್ಯಾಹ್ನದ ಬಿಸಿಲು, ಹೊಟ್ಟೆಯಲ್ಲಿ ಆ ಗೋಧಿ ಮುದ್ದೆ, ಕೈಯಲ್ಲಿ ಬೆಲ್ಲ, ವಯಸ್ಸು ಹದಿನಾರು. ಒಂದು ದಿನ ಅರ್ಧಕ್ಕರ್ಧ ಅಚ್ಚು ನಾನೂ ನೀರು ಹೊರುವ ಇನ್ನೊಬ್ಬ ಹುಡುಗನೂ ತಿಂದು ಮುಗಿಸಿದೆವು. ಅಪ್ಪನಿಗೆ ಗೊತ್ತಾಗಿ ಮಟ್ಟಗೋಲಿನಲ್ಲೇ ಬಾರಿಸಿದರು. "ಆ ಸಂದಿ ಸೋರಿದರೆ ನಿನ್ನ ಹೆಸರೇ ಹೇಳ್ತೀನಿ" ಅಂದರು.

ಸೋರಿತು! ನಡುಕೋಣೆಯಲ್ಲಿ, ಡಾಕ್ಟರ ಮೇಜಿನ ನೇರ ಮೇಲೆ. ಬೆಲ್ಲ ಕಮ್ಮಿ ಆಗಿದ್ದಕ್ಕೇ ಸೋರಿತೋ ಇಲ್ಲ ಬೇರೆ ಕಾರಣವೋ, ಅಪ್ಪನ ಪ್ರಕಾರ ಅದೇ. ಆ ಆಸ್ಪತ್ರೆಗೆ ಬಂದ ಡಾಕ್ಟರುಗಳೆಲ್ಲ ಮಳೆಗಾಲದಲ್ಲಿ ಮೇಜನ್ನು ಎರಡಡಿ ಪಕ್ಕಕ್ಕೆ ಎಳೆದುಕೊಂಡು, ಅಲ್ಲಿ ಒಂದು ಬಕೆಟ್ ಇಡುತ್ತಿದ್ದರು. ಅದು ಬಿಟ್ಟರೆ ಬೇರೆ ಏನೂ ಕೇಡಿರಲಿಲ್ಲ. ನಮ್ಮ ಜಿಲ್ಲೆಗೆ ಮಳೆ ಎಷ್ಟು ಬರುತ್ತೆ ಅಂತ ಎಲ್ಲರಿಗೂ ಗೊತ್ತು, ವರ್ಷಕ್ಕೆ ಎಷ್ಟು ದಿನ ಬಕೆಟ್ ಇಟ್ಟಾರು? ಐದಾರು ವರ್ಷದ ಹಿಂದೆ ನಾನೇ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಒಂದು ಮೂಟೆ ಸಿಮೆಂಟ್, ಅರ್ಧ ದಿನದ ಕೆಲಸ, ದುಡ್ಡು ನಾನೇ ಹಾಕ್ತೀನಿ ಅಂತ ಕೇಳಿಕೊಂಡೆ. ಸರ್ಕಾರಿ ಕಟ್ಟಡ, ಖಾಸಗಿಯವರು ಮುಟ್ಟುವ ಹಾಗಿಲ್ಲ ಅಂದರು. ಸರಿ, ನಿಯಮ ನಿಯಮವೇ ಅಲ್ವಾ ಅಂತ ವಾಪಸ್ ಬಂದೆ.

ಆ ಜಾಗದಲ್ಲಿ ಏನೇನು ನಡೆಯಿತು ಅಂತ ಬಸ್ಸಿನ ಬಾಗಿಲಲ್ಲಿ ನಿಂತೇ ನೋಡಿದವನು ನಾನು. ನಾಟಿ ದನಗಳು ಹೋಗಿ ಸೀಮೆಹಸು ಬಂದವು. ಬೋರ್‌ವೆಲ್ ಬತ್ತಿ ಬೆಳೆ ಹೋದ ಮನೆಗಳನ್ನು ಹಾಲಿನ ಡೈರಿಯೇ ಸಾಕಿತು. 2013ರಲ್ಲಿ ಕಾಲುಬಾಯಿ ರೋಗ ಬಂದಾಗ ನಮ್ಮ ಜಿಲ್ಲೆಯಲ್ಲಿ ದನಗಳು ಹೇಗೆ ಸತ್ತವು ಅಂತ ನೆನಪಿದೆಯಲ್ಲ, ಆಗ ಆ ಜಗಲಿ ಮೇಲೆ ಹೆಂಗಸರು ಕೂತು ಅಳುತ್ತಿದ್ದರು, ಬಸ್ ನಿಲ್ಲಿಸಿದರೆ ಒಳಗೆ ಕೇಳುತ್ತಿತ್ತು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮತ್ತೆ ಸಾಲು. ಇನ್ನು ಆ ಸ್ಟಾಪು. ದಾಖಲೆಯಲ್ಲಿ ಅಲ್ಲಿ ಸ್ಟಾಪೇ ಇರಲಿಲ್ಲ. ಕೈಯಲ್ಲಿ ಕರು ಎತ್ತಿಕೊಂಡು ಬಂದವರನ್ನು ಒಂದು ಕಿಲೋಮೀಟರ್ ಮುಂದೆ ಇಳಿಸುವುದಕ್ಕೆ ಮನಸ್ಸು ಬರದೆ ನಾನು ಸೀಟಿ ಊದುತ್ತಿದ್ದೆ. (ಕರುವಿಗೆ ಟಿಕೆಟ್ ಕೊಡುತ್ತಿದ್ದೆನಾ ಅಂತ ಯಾರೂ ಕೇಳಬೇಡಿ, ಪಿಂಚಣಿ ಬರುತ್ತಿದೆ.) ಹಾಗೆ ದನದಾಸ್ಪತ್ರೆ ಅಂತ ಆಯಿತು, ಈಗ ಎಲ್ಲ ಬಸ್ಸಿನವರೂ ಹಾಗೇ ಕೂಗುತ್ತಾರೆ.

ಇಳಿದ ದಿನ ಹುಣಸೇಮರದ ಹತ್ತಿರ ಬೀಡಿ ಅಂಗಡಿಯಲ್ಲಿ ವಿಚಾರಿಸಿದೆ. "ದೀಪಾವಳಿ ಆದ್ಮೇಲೆ ಒಡೆದ್ರು ಸಾರ್, ಒಂದೂವರೆ ದಿನ, ಅಷ್ಟೇ" ಅಂದರು ಅಂಗಡಿ ಅಮ್ಮ. ನಾವು ಕಟ್ಟಿದ್ದು ನಾಲ್ಕು ತಿಂಗಳು. ಕಲ್ಲು ಏನಾಯಿತು ಅಂದೆ. ಟ್ರ್ಯಾಕ್ಟರ್ ಬಂತು, ರಾತ್ರಿ ಹೊತ್ತು ತುಂಬಿದರು, ಎಷ್ಟು ಲೋಡ್ ಅಂತ ಎಣಿಸಲಿಲ್ಲ ಅಂದರು. ರಾತ್ರಿ ಯಾಕೆ ಅಂದೆ. ಅವರು ನನ್ನ ಮುಖ ನೋಡಿ ನಕ್ಕರು.

ಆಸ್ಪತ್ರೆ ಈಗ ಮುಖ್ಯರಸ್ತೆಯಲ್ಲಿ ಒಂದು ಬಾಡಿಗೆ ಮಳಿಗೆಯಲ್ಲಿದೆ. ಷಟರ್ ಎತ್ತಿದರೆ ಆಸ್ಪತ್ರೆ, ಇಳಿಸಿದರೆ ಗೋಡೌನು. ದನ ಕಟ್ಟುವುದಕ್ಕೆ ಜಾಗ ಇಲ್ಲ, ಲೈಟ್ ಕಂಬಕ್ಕೆ ಕಟ್ಟುತ್ತಾರೆ. ನಾನು ಹೋದಾಗ ಒಂದು ಎಚ್ಚೆಫ್ ಸೀಮೆಹಸು, ಹಾಲು ತುಂಬಿದ ಕೆಚ್ಚಲು, ಲಾರಿ ಹಾರ್ನ್ ಹೊಡೆದಾಗಲೆಲ್ಲ ಬೆಚ್ಚಿ ಸುತ್ತು ಹಾಕುತ್ತಿತ್ತು. ಹಿಡಿದುಕೊಂಡಿದ್ದ ಅಜ್ಜಿಗೆ ಅದರ ಜೊತೆ ಸುತ್ತುವುದೇ ಕೆಲಸ. ಡಾಕ್ಟರು ಸಿರಿಂಜ್ ಹಿಡಿದು ಕಾಯುತ್ತಾ ನಿಂತಿದ್ದರು. ಹೊಸ ಕಟ್ಟಡ ಯಾವಾಗ ಅಂದರೆ ಅನುದಾನ ಬರಬೇಕು ಅಂತಾರೆ. ದುಡ್ಡು ಬರುವ ಮೊದಲೇ ಒಡೆಯುವ ಅವಸರ ಯಾರಿಗಿತ್ತು?

ಹೊಸದು ಬೇಡ ಅಂತ ನಾನು ಹೇಳುತ್ತಿಲ್ಲ. ಲಸಿಕೆ ಇಡುವ ಫ್ರಿಜ್ಜಿಗೆ, ಔಷಧಿಗೆ, ಸಿಬ್ಬಂದಿ ಕೂರುವುದಕ್ಕೆ ಹಳೇದರಲ್ಲಿ ಜಾಗ ಸಾಲುತ್ತಿರಲಿಲ್ಲ, ಒಪ್ಪುತ್ತೀನಿ. ಒಡೆಯಲೇಬೇಡಿ ಅಂತಲೂ ಅಲ್ಲ. ಅದೇನು ಕೋಲಾರಮ್ಮನ ಗುಡಿ ಅಲ್ಲ, ಪುರಾತತ್ವದವರು ಬಂದು ಬೋರ್ಡ್ ಹಾಕುವುದಕ್ಕೆ. 46 ವರ್ಷದ ಮೂರು ಕೋಣೆ. ಕಟ್ಟಿದವರಲ್ಲಿ ಅಪ್ಪ ಇಲ್ಲ, ಹೆಗಲು ಕೊಟ್ಟ ಎಂಟು ಜನರಲ್ಲಿ ಯಾರಿದ್ದಾರೋ ಗೊತ್ತಿಲ್ಲ, ಉಳಿದಿದ್ದು ಬೆಲ್ಲ ಕದ್ದವನು ಒಬ್ಬ. ಕಟ್ಟಡ ಹೋಯಿತು ಅಂತ ಅಳುವ ವಯಸ್ಸಲ್ಲ ನನ್ನದು. ನಾನು ಕೇಳುತ್ತಿರುವುದು ಕಲ್ಲಿನ ಲೆಕ್ಕ.

ಸರ್ಕಾರಿ ಕಟ್ಟಡ ಒಡೆಯುವ ಮೊದಲು ಎಂಜಿನಿಯರ್ ನೋಡಿ ವರದಿ ಕೊಡಬೇಕು, ಒಡೆದರೆ ಸಿಗುವ ಸಾಮಾನಿಗೆ ಬೆಲೆ ಕಟ್ಟಬೇಕು, ಹರಾಜು ಹಾಕಿ ಬಂದ ದುಡ್ಡು ಸರ್ಕಾರಕ್ಕೆ ಕಟ್ಟಬೇಕು. ಇದು ನನಗೇ ಗೊತ್ತಿರುವಾಗ ಅವರಿಗೆ ಗೊತ್ತಿಲ್ಲವಾ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದದೊಳಗೆ ಇರಬೇಕಂತೆ, ನನಗೆ ಅದೇ ದೊಡ್ಡ ಕಷ್ಟ ಆಯಿತು, ಈ ಪತ್ರ ನೋಡಿದರೆ ನಿಮಗೂ ಗೊತ್ತಾಗುತ್ತೆ. ಮೂರು ಸಲ ಬರೆದು ಹರಿದು, ಕೊನೆಗೆ ಮೊಮ್ಮಗಳು ಕೂತು ಕತ್ತರಿಸಿ ಕೊಟ್ಟಳು.

ಉತ್ತರ 26ನೇ ದಿನಕ್ಕೆ ಬಂತು, ಅದರಲ್ಲಿ ಮೆಚ್ಚಬೇಕು. ಎರಡು ಹಾಳೆ. ಒಂದು, ಒಡೆಯಲು ಕೊಟ್ಟ ಅನುಮತಿ. ಅದರಲ್ಲಿ ಬರೆದಿರುವ ಕಾರಣ ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಕಟ್ಟಡವು ಶಿಥಿಲಗೊಂಡಿದ್ದು, ಮಧ್ಯದ ಕೊಠಡಿಯ ಮೇಲ್ಛಾವಣಿಯು ಸೋರುತ್ತಿರುವುದರಿಂದ". ಅಪ್ಪ ಹೇಳಿದ ಹಾಗೆ ನನ್ನ ಹೆಸರು ಹಾಕಿರಲಿಲ್ಲ, ಅಷ್ಟೇ. ಇನ್ನೊಂದು ಹಾಳೆಯಲ್ಲಿ ನಾನು ಕೇಳಿದ್ದಕ್ಕೆ ಉತ್ತರ: ಚಪ್ಪಡಿ, ಕಂಬ, ತೊಲೆಗಳ ಪಟ್ಟಿ, ಹರಾಜಿನ ವಿವರ "ಕಡತದಲ್ಲಿ ಲಭ್ಯವಿರುವುದಿಲ್ಲ". ಬಂದ ಸಾಮಾನನ್ನು "ಅನುಪಯುಕ್ತ ತ್ಯಾಜ್ಯ" ಅಂತ ತೆರವು ಮಾಡಲಾಗಿದೆಯಂತೆ.

ಕಲ್ಲು ಅನುಪಯುಕ್ತ! ಸಿಮೆಂಟ್ ತಾರಸಿ ಒಡೆದರೆ ಪುಡಿ ಆಗುತ್ತೆ, ಕಬ್ಬಿಣ ಬಿಟ್ಟರೆ ಮಿಕ್ಕಿದ್ದು ಗುಂಡಿ ತುಂಬುವುದಕ್ಕೆ. ಚಪ್ಪಡಿ ಹಾಗಲ್ಲ. ನಿಧಾನಕ್ಕೆ ಇಳಿಸಿದರೆ ಇನ್ನೊಂದು ಮನೆಗೆ ಅದೇ ತಾರಸಿ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದಾಗ ಮನೆ ಬಿಚ್ಚಿ ಚಪ್ಪಡಿ ಎಣಿಸಿ ಹಂಚಿಕೊಂಡಿರುವುದನ್ನು ನಾನೇ ನೋಡಿದ್ದೀನಿ, ಒಂದು ಹೆಚ್ಚುಕಮ್ಮಿ ಆದರೆ ಪಂಚಾಯ್ತಿ ಸೇರುತ್ತಿತ್ತು. ಅಂಥ 48ನ್ನು ತ್ಯಾಜ್ಯ ಅಂತ ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದಾರೆ.

ಎಲ್ಲವೂ ಎಲ್ಲಿ ಹೋದವೋ ನನಗೆ ಗೊತ್ತಿಲ್ಲ. ಆದರೆ ಒಂದು ಸಿಕ್ಕಿದೆ. ಹೋದ ತಿಂಗಳು ಸ್ಕೂಟರಿನಲ್ಲಿ ಬರುತ್ತಿದ್ದಾಗ ಹೆದ್ದಾರಿ ಪಕ್ಕ ಒಂದು ಹಳೇ ಮರಮುಟ್ಟಿನ ಅಂಗಡಿ ನೋಡಿದೆ. ಹಳೇ ಬಾಗಿಲು, ತೊಟ್ಟಿಮನೆ ಕಂಬ, ಒಳಕಲ್ಲು, ಬೀಸುವ ಕಲ್ಲು ಎಲ್ಲ ಇಟ್ಟಿದ್ದಾರೆ. ಬೆಂಗಳೂರಿನವರು ಕಾರಿನಲ್ಲಿ ಬಂದು ಫಾರಂಹೌಸಿಗೆ ತಗೊಂಡು ಹೋಗುತ್ತಾರಂತೆ. ಬೇಲಿಗೆ ಒರಗಿಸಿ ಏಳೆಂಟು ಕಲ್ಲುಕಂಬ ಇದ್ದವು. ಸುಮ್ನೆ ಕಣ್ಣಾಡಿಸಿದೆ. ಒಂದು ಕಂಬ ನೋಡಿ ಸ್ಕೂಟರ್ ಸ್ಟ್ಯಾಂಡ್ ಹಾಕಿದೆ.

ಬುಡದಿಂದ ನನ್ನ ಸೊಂಟದೆತ್ತರಕ್ಕೆ ಕಂಬದ ಸುತ್ತ ಒಂದು ಗೀರು. ಉಳಿಯಲ್ಲಿ ಕೊರೆದಿದ್ದಲ್ಲ. ಹಗ್ಗ ಉಜ್ಜಿ ಉಜ್ಜಿ ಸವೆದಿದ್ದು. ನನ್ನ ಕಿರುಬೆರಳು ಅರ್ಧ ಮುಳುಗುವಷ್ಟು ಆಳ, ಒಳಗೆ ಕೈ ಆಡಿಸಿದರೆ ಎಣ್ಣೆ ಹಚ್ಚಿದ ಹಾಗೆ ನುಣುಪು. ಮೂರು ಕಡೆ ಆಳ, ನಾಲ್ಕನೇ ಕಡೆ ಏನೂ ಇಲ್ಲ, ಯಾಕೆಂದರೆ ಒಂದು ಕಡೆ ದನ ಎಳೆಯುವುದಕ್ಕೆ ಜಾಗ ಇರಲಿಲ್ಲ, ಆಸ್ಪತ್ರೆ ಗೋಡೆ ಇತ್ತು. ಗೀರಿನ ಮೇಲೆ ಒಂದು ಗೇಣು ಬಿಟ್ಟು ಅಡ್ಡ ಬೊಂಬು ಸಿಕ್ಕಿಸುವ ತೂತು. ಆ ತೂತನ್ನು ಕೊರೆಯುವಾಗ ಉಳಿ ಜಾರಿ ಅಂಚು ಒಂದಿಷ್ಟು ಎದ್ದುಹೋಗಿತ್ತು. ಅಪ್ಪ ಅವತ್ತು ಬೈದಿದ್ದು ಕೇಳಿಸಿದ ಹಾಗಾಯಿತು. ಆ ಚಕ್ಕೆ ಎದ್ದ ಜಾಗ ಹಾಗೇ ಇದೆ.

ಬೆಲೆ ಕೇಳಿದೆ. ಅಂಗಡಿಯವನು ಹುಡುಗ, ಒಳ್ಳೆಯವನೇ. "ಇದು ಸ್ಪೆಷಲ್ ಸಾರ್, ಆಂಟಿಕ್ ಡಿಸೈನು, ಜಾಸ್ತಿ ಆಗುತ್ತೆ" ಅಂತ ಆ ಹಗ್ಗದ ಗೀರನ್ನೇ ತೋರಿಸಿದ. ಅನುಪಯುಕ್ತ ತ್ಯಾಜ್ಯಕ್ಕೆ ಅವನು ಹೇಳಿದ ಬೆಲೆ 6,500 ರೂಪಾಯಿ. ಎಲ್ಲಿಂದ ಬಂತು ಅಂದೆ, ಯಾರೋ ಟ್ರ್ಯಾಕ್ಟರಿನವರು ತಂದು ಹಾಕಿದರು, ಚಪ್ಪಡಿಯೂ ಇತ್ತು, ಅವೆಲ್ಲ ಅವತ್ತೇ ಹೋಯಿತು ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡು ಕೊಟ್ಟು ಕೊಂಡಿದ್ದಾನೆ. ದುಡ್ಡು ಇಸಿದುಕೊಂಡವರು ಯಾರು ಅನ್ನುವುದು ಪ್ರಶ್ನೆ.

ಮೇಲ್ಮನವಿ ಹಾಕಿದ್ದೀನಿ. ಇದರ ಮಧ್ಯೆ ನಾನು ಕೇಳುವುದು ದೊಡ್ಡದೇನಲ್ಲ. ಒಂದು, ಜಿಲ್ಲೆಯಲ್ಲಿ ಇಂಥ ಚಪ್ಪಡಿ ತಾರಸಿಯ ಶಾಲೆ, ಆಸ್ಪತ್ರೆ, ಚಾವಡಿ ಇನ್ನೂ ಇರಬಹುದು, ಒಡೆಯುವ ಮೊದಲು ಚಪ್ಪಡಿ ಕಂಬ ಎಣಿಸಿ ಊರಿನ ಪಂಚಾಯ್ತಿ ಬೋರ್ಡಿನಲ್ಲಿ ಹಾಕಲಿ. ಎಣಿಸುವುದಕ್ಕೆ ಜನ ಇಲ್ಲದಿದ್ದರೆ ನಾನು ಬರುತ್ತೀನಿ, ಬಸ್ ಪಾಸಿದೆ. ಇನ್ನೊಂದು, ಹೊಸ ದನದಾಸ್ಪತ್ರೆಯ ಪ್ಲಾನು ಮಾಡುವಾಗ ನೆಲಕ್ಕೆ ನುಣುಪು ಟೈಲ್ಸ್ ಹಾಕಬೇಡಿ, ದನ ಜಾರಿ ಬಿದ್ದರೆ ಮೇಲೆ ಏಳಲ್ಲ. ಹೊರಗೆ ನಾಲ್ಕು ಕಲ್ಲುಕಂಬ ನೆಡಿ. ಮೂರು ಹೊಸದು ತನ್ನಿ.

ನಾಲ್ಕನೇದು ಆ ಅಂಗಡಿಯಲ್ಲಿದೆ. ಯುಗಾದಿವರೆಗೆ ಬೇರೆ ಯಾರಿಗೂ ಕೊಡಲ್ಲ ಅಂದಿದ್ದಾನೆ ಹುಡುಗ. 500 ರೂಪಾಯಿ ಅಡ್ವಾನ್ಸ್ ಕೊಟ್ಟು ರಸೀದಿ ಇಸ್ಕೊಂಡಿದ್ದೀನಿ. ಇಲಾಖೆಯವರು ಬಂದರೆ ಅವರಿಗೇ ಬಿಟ್ಟುಕೊಡುತ್ತೀನಿ, ಬರದಿದ್ದರೆ ಮಿಕ್ಕ 6,000 ನಾನೇ ಕೊಟ್ಟು ಮನೆಗೆ ತರುತ್ತೀನಿ. ಎತ್ತುವುದಕ್ಕೆ ಜನ ಬೇಕು, ಅದೊಂದು ನೋಡಬೇಕು.

ಇತಿ,
ಒಬ್ಬ ನಿವೃತ್ತ ಕಂಡಕ್ಟರ್,
ಕೋಲಾರ ಜಿಲ್ಲೆ